ತೊಳೆಯುವ ಮುಂಚೆ ಓದಿದ ಜೀಪು: ಹೊಳಲ್ಕೆರೆಯಿಂದ ಬಂದ ಯುದ್ಧಕಾಲದ ಗಾಡಿಯೊಂದರ ಪ್ರಕರಣ

ಗಾಡಿ ಬಂದದ್ದು ಲಾರಿಯ ಮೇಲೆ. 2023ರ ಜನವರಿ, ಅಡಿಕೆ ಕೊಯ್ಲು ಮುಗಿಯುತ್ತಾ ಬಂದಿತ್ತು. ಹೊಳಲ್ಕೆರೆ ತಾಲ್ಲೂಕಿನ ಒಂದು ತೋಟದ ಮನೆಯಿಂದ ದಾವಣಗೆರೆಯ ಹಳೇ ಪಿ.ಬಿ. ರಸ್ತೆಯ ಹಿಂಬದಿಯಲ್ಲಿರುವ ನಮ್ಮ ಗ್ಯಾರೇಜಿಗೆ ಅದನ್ನು ಹಗ್ಗ ಬಿಗಿದು ತಂದಿದ್ದರು. ಮಾಲೀಕರಿಗೆ ನಲವತ್ತರ ವಯಸ್ಸು. ಇಳಿಸುವಾಗಲೇ ಹೇಳಿದರು: "ಅಣ್ಣಾ, ನಮ್ಮಜ್ಜ ಓಡಿಸ್ತಿದ್ದಾಗ ಹೆಂಗಿತ್ತೋ ಹಂಗೇ ಆಗ್ಬೇಕು. ಬಸವ ಜಯಂತಿಗೆ ಊರಾಗೆ ಒಂದು ಸುತ್ತು ಹೊಡಿಬೇಕು." ಜೊತೆಗೆ ಬಂದಿದ್ದ ಅವರ ಮಗನ ಮೊಬೈಲಿನಲ್ಲಿ ಒಂದು ಚಿತ್ರವಿತ್ತು. ಹೊಳೆಯುವ ಹಸಿರು ಬಣ್ಣ, ಬಾನೆಟ್ ಮೇಲೆ ದೊಡ್ಡ ಬಿಳಿ ನಕ್ಷತ್ರ. ಅವನಿಗೆ ಬೇಕಿದ್ದದ್ದು ಅದು.

ಅಜ್ಜ ಓಡಿಸುತ್ತಿದ್ದ ಗಾಡಿ ಮತ್ತು ಮೊಬೈಲಿನಲ್ಲಿದ್ದ ಗಾಡಿ ಒಂದೇ ಅಲ್ಲ ಎಂದು ಅವತ್ತು ನನಗೂ ಸ್ಪಷ್ಟವಾಗಿ ಗೊತ್ತಿರಲಿಲ್ಲ. ಹದಿನಾಲ್ಕು ತಿಂಗಳ ಕೆಲಸದಲ್ಲಿ ನಾವು ತೆಗೆದುಕೊಂಡ ತೀರ್ಮಾನಗಳೆಲ್ಲ ಈ ವ್ಯತ್ಯಾಸದಿಂದಲೇ ಹುಟ್ಟಿದವು. ಅದಕ್ಕಾಗಿಯೇ ಈ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಬಂದಾಗಿನ ಸ್ಥಿತಿ

ಬಾನೆಟ್ ಒಳಗೆ ಡೀಸೆಲ್ ಎಂಜಿನ್. ಎಂಬತ್ತರ ದಶಕದಲ್ಲಿ ಪೆಟ್ರೋಲ್ ತುಟ್ಟಿಯಾಯಿತೆಂದು ಹಾಕಿಸಿದ್ದಂತೆ. ಚಿತ್ರದುರ್ಗದ ಗಣಿ ಸೀಮೆಯಲ್ಲೂ ಅಡಿಕೆ ಸೀಮೆಯಲ್ಲೂ ಆ ಕಾಲಕ್ಕೆ ಎಷ್ಟೋ ಪೆಟ್ರೋಲ್ ಜೀಪುಗಳಿಗೆ ಇದೇ ಗತಿಯಾಗಿತ್ತು, ಅದನ್ನು ನಾನು ತಪ್ಪೆನ್ನುವುದಿಲ್ಲ. ಡೀಸೆಲ್ ಹಾಕಿಸಿದ್ದರಿಂದಲೇ ಈ ಗಾಡಿ ಗುಜರಿಗೆ ಹೋಗದೆ ಉಳಿಯಿತು. ಆದರೆ ಆ ಭಾರದ ಎಂಜಿನ್ ಕೂರಿಸಲು ಚಾಸಿಯ ಮೂಲ ಮೌಂಟಿಂಗ್ ಕತ್ತರಿಸಿದ್ದರು, ಎಂಜಿನ್ ಹಿಂದಿನ ತಗಡಿನ ಗೋಡೆಯನ್ನು ಸುತ್ತಿಗೆಯಿಂದ ಒಳಕ್ಕೆ ಬಡಿದಿದ್ದರು. ಗೇರ್ ಬಾಕ್ಸ್ ಬೇರೆಯದು. ನೆಲದ ತಗಡು ಅರ್ಧಕ್ಕರ್ಧ ಮಣ್ಣಾಗಿತ್ತು. ಸ್ಟೀರಿಂಗ್ ಎಡಕ್ಕೇ ಇತ್ತು, ಹಿಂದುಗಡೆ "ಲೆಫ್ಟ್ ಹ್ಯಾಂಡ್ ಡ್ರೈವ್" ಎಂದು ಬರೆದ ಬಣ್ಣ ಇನ್ನೂ ಕಾಣುತ್ತಿತ್ತು.

ನಮ್ಮ ಹುಡುಗರು ವಾಟರ್ ಸರ್ವಿಸ್ ಪೈಪು ಹಿಡಿದು ಬಂದರು. ಬೇಡ ಎಂದೆ. ಮೂರು ದಿನ ಯಾರೂ ನೀರು ಹಾಕಲಿಲ್ಲ, ಉಜ್ಜಲಿಲ್ಲ. ಹಳೆಯ ಗಾಡಿಯ ಮೈಮೇಲಿನ ಗ್ರೀಸು, ಬಣ್ಣದ ಪದರ, ಯಾವ ಬೋಲ್ಟು ಎಲ್ಲಿದೆ ಎಂಬುದೆಲ್ಲ ದಾಖಲೆ. ಬಣ್ಣ, ತುಕ್ಕು ಕೀಳಲು ಒಮ್ಮೆ ಮರಳು ಹೊಡೆಸಿದರೆ (ಸ್ಯಾಂಡ್ ಬ್ಲಾಸ್ಟಿಂಗ್) ಅದು ಮತ್ತೆ ಸಿಗುವುದಿಲ್ಲ. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ಸ್ಯಾಂಡ್ ಬ್ಲಾಸ್ಟಿಂಗಿನಿಂದಲೇ ಶುರು ಮಾಡುವುದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ಗಾಡಿ ಯಾವುದು?

ಎರಡನೇ ಮಹಾಯುದ್ಧದ ಜೀಪು ಎಂದರೆ ಎಲ್ಲರ ಬಾಯಲ್ಲೂ ಅಮೆರಿಕದ ವಿಲ್ಲಿಸ್ ಕಂಪನಿಯ ಹೆಸರು. ಮೊದಲ ಮಾದರಿ ಮಾಡಿಕೊಟ್ಟದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿ, 1940ರ ಸೆಪ್ಟೆಂಬರಿನಲ್ಲಿ. ಅಮೆರಿಕದ ಸೈನ್ಯ ಒಪ್ಪಿದ್ದು ಕೊನೆಗೆ ವಿಲ್ಲಿಸ್‌ನವರ ವಿನ್ಯಾಸವನ್ನು, ಅವರ ಎಂಜಿನ್ನಿನ ಕಸುವು ನೋಡಿ. ಆದರೆ ಒಂದು ಕಾರ್ಖಾನೆಯಿಂದ ಯುದ್ಧಕ್ಕೆ ಸಾಕಾಗುವಷ್ಟು ಗಾಡಿ ಹೊರಡುವುದಿಲ್ಲವಲ್ಲ, ಅದೇ ನಕ್ಷೆಯನ್ನು ಫೋರ್ಡ್‌ಗೂ ಕೊಟ್ಟರು. ವಿಲ್ಲಿಸ್‌ನದು ಎಂಬಿ, ಫೋರ್ಡ್‌ನದು ಜಿಪಿಡಬ್ಲ್ಯೂ. 1945ರ ಹೊತ್ತಿಗೆ ಎರಡೂ ಸೇರಿ ಆರು ಲಕ್ಷಕ್ಕೂ ಮೀರಿ ತಯಾರಾದವು. ಜಿಪಿಡಬ್ಲ್ಯೂ ಎಂಬಲ್ಲಿ ಜಿ ಎಂದರೆ ಸರ್ಕಾರಿ ಗುತ್ತಿಗೆ, ಪಿ ಎಂದರೆ 80 ಇಂಚಿನ ವೀಲ್‌ಬೇಸಿಗೆ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರಕ್ಕೆ) ಫೋರ್ಡ್ ಇಟ್ಟುಕೊಂಡಿದ್ದ ಸಂಕೇತ, ಡಬ್ಲ್ಯೂ ಎಂದರೆ ವಿಲ್ಲಿಸ್ ವಿನ್ಯಾಸ. ಬಿಡಿಭಾಗ ಒಂದಕ್ಕೊಂದು ಕೂರುತ್ತವೆ. ಹೀಗಾಗಿ ಎಂಬತ್ತು ವರ್ಷಗಳಲ್ಲಿ ಎರಡೂ ಬೆರೆತು ಯಾವುದು ಯಾವುದೆಂದು ಹೇಳುವುದೇ ಕಷ್ಟವಾಗಿದೆ.

ಮೊದಲು ಬಗ್ಗಿ ನೋಡಿದ್ದು ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿಯನ್ನು. ಎಂಬಿಯಲ್ಲಿ ಅದು ದುಂಡನೆಯ ಪೈಪು, ಜಿಪಿಡಬ್ಲ್ಯೂನಲ್ಲಿ ಬೋರಲು ಹಾಕಿದ ದೋಣಿಯಂಥ ಚಾನೆಲ್. ಇದು ದೋಣಿ. ಆಮೇಲೆ ಬೋಲ್ಟುಗಳು: ಫೋರ್ಡ್ ತನ್ನ ಭಾಗಗಳ ಮೇಲೆ, ಬೋಲ್ಟಿನ ತಲೆಯ ಮೇಲೂ, ಬಳುಕು ಅಕ್ಷರದ ಒಂದು 'ಎಫ್' ಒತ್ತುತ್ತಿತ್ತು. ಮಡ್ಗಾರ್ಡ್ ಹತ್ತಿರ, ಹಿಂದಿನ ಹುಕ್ಕಿನ ಬ್ರಾಕೆಟ್ಟಿನಲ್ಲಿ ಸುಮಾರು ಇಪ್ಪತ್ತು 'ಎಫ್' ಸಿಕ್ಕವು. ಎಡ ಚಾಸಿಯ ಮೇಲ್ಮುಖದಲ್ಲಿ, ಮುಂದಿನ ಭಾಗದಲ್ಲಿ, ಗ್ರೀಸಿನ ಹೆಪ್ಪನ್ನು ಮರದ ಚಕ್ಕೆಯಿಂದ ಕೆರೆದು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದಾಗ ಜಿಪಿಡಬ್ಲ್ಯೂ ಎಂದು ಶುರುವಾಗುವ ನಂಬರ್ ಕಂಡಿತು. ಕೊನೆಯ ಅಂಕಿ ತುಕ್ಕು ತಿಂದು ಮಸುಕಾಗಿತ್ತು. ಮರಳು ಹೊಡೆಸಿದ್ದರೆ ಅದು ಹೋಗಿಯೇ ಬಿಡುತ್ತಿತ್ತು.

ಮಾಲೀಕರ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಮೈಸೂರು ರಾಜ್ಯದ ಕಾಲದ ಆರ್‌ಸಿ ಪುಸ್ತಕವಿತ್ತು, 'ಎಂವೈ' ಅಕ್ಷರಗಳಿಂದ ಶುರುವಾಗುವ ನಂಬರಿನದು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ಆಗೆಲ್ಲ ಈ ಸೀಮೆ ಪೂರ್ತಿ ಚಿತ್ರದುರ್ಗ ಜಿಲ್ಲೆಯೇ. ಆ ಪುಸ್ತಕದಲ್ಲಿ ಇಂಧನ ಎಂಬಲ್ಲಿ ಇನ್ನೂ ಪೆಟ್ರೋಲ್ ಎಂದೇ ಇತ್ತು, ಡೀಸೆಲ್‌ಗೆ ಬದಲಾಯಿಸಿದ್ದನ್ನು ಯಾರೂ ನಮೂದಿಸಿರಲಿಲ್ಲ. ಮುಖ್ಯ ಸಂಗತಿ ಬೇರೆ. ಎಂಜಿನ್ ನಂಬರ್ ಮತ್ತು ಚಾಸಿ ನಂಬರ್ ಎರಡೂ ಒಂದೇ ಆಗಿದ್ದವು. ಬರೆದವರು ತಪ್ಪು ಮಾಡಿದ್ದಾರೆ ಎಂದು ಮಾಲೀಕರು ಅಂದುಕೊಂಡಿದ್ದರು. ತಪ್ಪಲ್ಲ. ವಿಲ್ಲಿಸ್‌ನವರು ಎರಡಕ್ಕೂ ಬೇರೆ ಬೇರೆ ನಂಬರ್ ಕೊಡುತ್ತಿದ್ದರು, ಫೋರ್ಡ್‌ನವರು ಜಿಪಿಡಬ್ಲ್ಯೂಗೆ ಒಂದನ್ನೇ ಎರಡೂ ಕಡೆ ಒತ್ತುತ್ತಿದ್ದರು. ಮಸುಕಾದ ಕೊನೆಯ ಅಂಕಿಯೂ ಆ ಪುಸ್ತಕದಿಂದಲೇ ಸಿಕ್ಕಿತು. ಅಂದರೆ ಈ ಗಾಡಿಯ ಹುಟ್ಟಿನ ಎಂಜಿನ್ ಎಲ್ಲಿದ್ದರೂ ಗುರುತಿಸಬಹುದು.

ಬಾನೆಟ್ಟಿನ ಬಣ್ಣಕ್ಕೆ ಒಂದು ವಾರ ಹಿಡಿಯಿತು. 1000 ನಂಬರಿನ ವಾಟರ್ ಪೇಪರಿನಲ್ಲಿ, ಅಂಗೈ ಅಗಲದ ಜಾಗವನ್ನು ಪದರ ಪದರವಾಗಿ. ಮೇಲೆ ಕಡುಹಸಿರು, ಅದರ ಕೆಳಗೆ ನೀಲಿ, ಆಮೇಲೆ ಬೂದು, ತಳದಲ್ಲಿ ಹೊಳಪಿಲ್ಲದ ಕಂದುಹಸಿರು. ಆ ತಳದ ಬಣ್ಣದ ಮೇಲೆ, ಬಾನೆಟ್ಟಿನ ಬದಿಯಲ್ಲಿ, ಬಿಳಿಯ 'ಎಂ' ಅಕ್ಷರ ಮತ್ತು ನಾಲ್ಕು ಅಂಕಿಗಳ ಅವಶೇಷ. ಅಮೆರಿಕದ ಸೈನ್ಯದ ಜೀಪಾಗಿದ್ದರೆ ಅಲ್ಲಿ 20ರಿಂದ ಶುರುವಾಗುವ ಉದ್ದ ಅಂಕಿ ಇರಬೇಕಿತ್ತು. 'ಎಂ' ಬರೆಯುತ್ತಿದ್ದದ್ದು ಬ್ರಿಟಿಷ್ ಪದ್ಧತಿ, ಸಣ್ಣ ಕಾರು ವರ್ಗಕ್ಕೆ. ಅಮೆರಿಕದಲ್ಲಿ ತಯಾರಾಗಿ ಯುದ್ಧಕಾಲದಲ್ಲಿ ಮಿತ್ರರಾಷ್ಟ್ರಗಳಿಗೆ ಅಮೆರಿಕ ಸಾಮಗ್ರಿ ಒದಗಿಸಿದ ಲೆಂಡ್-ಲೀಸ್ ಒಪ್ಪಂದದಲ್ಲಿ ಬ್ರಿಟಿಷರ ಕೈಸೇರಿ ದುಡಿದ ಗಾಡಿ ಇದು. ನಕ್ಷತ್ರದ ಗುರುತು ಎಲ್ಲಿಯೂ ಸಿಗಲಿಲ್ಲ. ಮಾಲೀಕರ ಮಗನನ್ನು ಕರೆದು ಆ 'ಎಂ' ತೋರಿಸಿದೆ. ಬೆರಳಿಟ್ಟು ಸವರಿ ನೋಡಿದ. ನಕ್ಷತ್ರದ ಮಾತು ಮತ್ತೆ ಎತ್ತಲಿಲ್ಲ.

ಅಜ್ಜಿ ಹೇಳಿದ ಬಾವಿ

ಎಂಜಿನ್ ಹುಡುಕಲು ಊರಿಗೆ ಹೋದೆವು. ಮಾಲೀಕರ ಅಜ್ಜಿಗೆ ಎಂಬತ್ತೈದು ದಾಟಿದೆ, ಕಿವಿ ಸ್ವಲ್ಪ ಮಂದ, ನೆನಪು ಮಾತ್ರ ಹರಿತ. "ಈಗಿನ ಎಂಜಿನ್ನು ಹಾಕಿದ ಮ್ಯಾಲೆ ಗಾಡಿ ಗುಡುಗುಡು ಅಂತೈತಪ್ಪ. ಮೊದ್ಲು ಬಾಗ್ಲಿಗೆ ಬಂದ್ರೂ ಗೊತ್ತಾಗ್ತಿರ್ಲಿಲ್ಲ" ಎಂದರು. ಹಳೆಯದು ಏನಾಯಿತು ಎಂದು ಮೊಮ್ಮಗ ಜೋರಾಗಿ ಕೇಳಿದಾಗ, "ಕೆಳಗಿನ ಬಾವಿಗೆ ನೀರೆತ್ತಾಕೆ ಇಟ್ಟಿದ್ರು ನಿಮ್ಮಜ್ಜ. ಕರೆಂಟು ಬಂದ್ ಮ್ಯಾಲೆ ಅದನ್ನ ಯಾರ್ ಕೇಳ್ಯಾರು?"

ಬಾವಿಯ ಪಕ್ಕದ ಕುಸಿದ ಶೆಡ್ಡಿನಲ್ಲಿ, ಅಡಿಕೆ ಸಿಪ್ಪೆಯ ರಾಶಿಯ ಅಡಿಯಲ್ಲಿ ಸಿಕ್ಕಿತು. ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ ಇರಲಿಲ್ಲ, ಕಾರ್ಬೊರೇಟರ್ ಇರಲಿಲ್ಲ, ಎರಡು ಪಿಸ್ಟನ್ ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಕಚ್ಚಿಕೊಂಡಿದ್ದವು. ಆಯಿಲ್ ಫಿಲ್ಟರ್ ಕೂರುವ ಜಾಗದ ಹಿಂದಿನ ಉಬ್ಬನ್ನು ಒರೆಸಿ ಟಾರ್ಚ್ ಹಿಡಿದೆವು. ಅದೇ ನಂಬರ್. ಮಾಲೀಕರು ಅಲ್ಲೇ ಸಿಪ್ಪೆಯ ಮೇಲೆ ಕುಳಿತುಬಿಟ್ಟರು.

ಬ್ಲಾಕಿನ ಬಿರುಕು

ಇದು ಗೋ ಡೆವಿಲ್ ಎಂದು ಹೆಸರಾದ ನಾಲ್ಕು ಸಿಲಿಂಡರಿನ ಎಂಜಿನ್. 134 ಘನ ಇಂಚು, ನಮ್ಮ ಲೆಕ್ಕದಲ್ಲಿ 2.2 ಲೀಟರ್. ಬೋರ್ 3 1/8 ಇಂಚು, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 4 3/8 ಇಂಚು, 60 ಅಶ್ವಶಕ್ತಿ. ವಾಲ್ವುಗಳು ಹೆಡ್ಡಿನಲ್ಲಿಲ್ಲ, ಸಿಲಿಂಡರುಗಳಿರುವ ಎರಕದ ಬ್ಲಾಕಿನ ಬದಿಯಲ್ಲಿವೆ. ಎಕ್ಸಾಸ್ಟ್ ವಾಲ್ವಿನ ಸೀಟಿಗೂ ಬೋರಿಗೂ ನಡುವಿನ ಎರಕ ಸಣ್ಣದು, ಎಂಜಿನ್ ಅತಿಯಾಗಿ ಕಾದರೆ ಮೊದಲು ಬಿಡುವುದು ಅಲ್ಲೇ. ಬಾವಿಯ ಹತ್ತಿರ ಇದನ್ನು ಗಂಟೆಗಟ್ಟಲೆ ಓಡಿಸಿದ್ದರಲ್ಲ, ರೇಡಿಯೇಟರ್ ಮುಂದೆ ಗಾಳಿಯೂ ಇಲ್ಲ. ಬಣ್ಣದ ದ್ರವ ಹಾಕಿ ಪರೀಕ್ಷಿಸಿದಾಗ ಮೂರನೇ ಸಿಲಿಂಡರಿನ ಎಕ್ಸಾಸ್ಟ್ ಸೀಟಿನಿಂದ ಬೋರಿನತ್ತ ಬಿರುಕು ಎದ್ದು ಕಂಡಿತು.

ಇಲ್ಲಿ ನಮ್ಮೊಳಗೇ ವಾದವಾಯಿತು. ನನ್ನ ಜೊತೆಗಾರ ಮೇಸ್ತ್ರಿ, ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಚೆನ್ನಾಗಿರುವ ಇನ್ನೊಂದು ಬ್ಲಾಕ್ ತರೋಣ ಎಂದರು. ಅವರ ಮಾತಿನಲ್ಲಿ ಹುರುಳಿತ್ತು: ಆಮೇಲೆ ಮಹೀಂದ್ರ ಜೀಪಿಗೆ ಬಂದ ಹರಿಕೇನ್ ಎಂಜಿನ್ ಕೂಡ ಇದೇ ಬೋರ್, ಇದೇ ಸ್ಟ್ರೋಕಿನದು, ಕೆಳಗಿನ ಎಷ್ಟೋ ಭಾಗ ಹೊಂದುತ್ತವೆ, ಅದು ಸಿಗುವುದೂ ಸುಲಭ, ಖರ್ಚೂ ಕಡಿಮೆ. ನಾನು ಒಪ್ಪಲಿಲ್ಲ. ಪುಸ್ತಕದಲ್ಲಿರುವ ನಂಬರ್, ಚಾಸಿಯ ಮೇಲಿನ ನಂಬರ್, ಬ್ಲಾಕಿನ ನಂಬರ್ ಮೂರೂ ಒಂದಾಗಿ ಎದುರಿಗಿರುವಾಗ ಇದನ್ನು ತೂಕಕ್ಕೆ ಹಾಕುವುದು ನನ್ನ ಕೈಲಾಗದು. ಎರಡೂ ದಾರಿಯ ಖರ್ಚು ಮಾಲೀಕರ ಮುಂದಿಟ್ಟೆವು. ಅವರು ಅಜ್ಜನ ಎಂಜಿನ್ನನ್ನೇ ಆರಿಸಿದರು.

ಎರಕದ ಕಬ್ಬಿಣಕ್ಕೆ ವೆಲ್ಡಿಂಗ್ ಕೊಟ್ಟರೆ ಪಕ್ಕದಲ್ಲೇ ಇನ್ನೊಂದು ಬಿರುಕು ಬರುವ ಅಪಾಯವಿದೆ. ಹಾಗಾಗಿ ಶಾಖವಿಲ್ಲದೆ ಹೊಲಿಯುವ ದಾರಿ ಹಿಡಿದೆವು: ಬಿರುಕಿನ ಉದ್ದಕ್ಕೂ ರಂಧ್ರ ಕೊರೆದು, ಮರೆ (ಥ್ರೆಡ್) ಹಾಕಿ, ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಎರಕದ ಪಿನ್ನುಗಳನ್ನು ತಿರುಚಿ ಕೂರಿಸಿ ತಟ್ಟುವುದು. ಇದನ್ನು ಮಾಡಿಕೊಟ್ಟವರು ಹರಿಹರದ ಒಬ್ಬ ಹಿರಿಯ ಟರ್ನರ್. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಕಲಿತವರು, ಅದು ಮುಚ್ಚಿದ ಮೇಲೆ ಅಲ್ಲಿ ತಯಾರಾದ ಒಂದು ಲೇತನ್ನೇ ಮನೆಯ ಮುಂದೆ ಇಟ್ಟುಕೊಂಡಿದ್ದಾರೆ. ಹನ್ನೊಂದು ಪಿನ್ನು, ನಾಲ್ಕು ದಿನ. ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿದ್ದು ನನ್ನ ಭಾಗ್ಯ ಎಂದುಕೊಳ್ಳುತ್ತೇನೆ. ಆಮೇಲೆ ಬೋರನ್ನು 40 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಪಾಲು) ದೊಡ್ಡದು ಮಾಡಿ, ಹೊಸ ಸೀಟ್ ಕೂರಿಸಿ, ನೀರಿನ ಒತ್ತಡ ಕೊಟ್ಟು ಒಂದು ರಾತ್ರಿ ಬಿಟ್ಟೆವು. ಒಂದು ಹನಿಯೂ ಜಿನುಗಲಿಲ್ಲ.

ನನ್ನ ತಪ್ಪು

ಎಂಜಿನ್ ಜೋಡಿಸಿ ಮೊದಲ ಸಲ ಸೆಲ್ಫ್ ಹೊಡೆದಾಗ ಕಾರ್ಬೊರೇಟರಿನಿಂದ ಬೆಂಕಿ ಉಗುಳಿತು. ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಎಷ್ಟು ತಿರುಗಿಸಿದರೂ ಟೈಮಿಂಗ್ (ಕಿಡಿ ಹಾರುವ ಹೊತ್ತು) ಹಿಡಿಯಲಿಲ್ಲ. ಕಾಯಿಲ್ ಬದಲಾಯಿಸಿದೆವು, ಪಾಯಿಂಟ್ ಬದಲಾಯಿಸಿದೆವು, ಪ್ಲಗ್ ವೈರುಗಳನ್ನು 1-3-4-2 ಕ್ರಮಕ್ಕೆ ಮೂರು ಸಲ ನೋಡಿದೆವು. ಎರಡು ದಿನ ಹಾಳಾಯಿತು.

ತಪ್ಪು ನಾನೇ ಜೋಡಿಸಿದ ಆಯಿಲ್ ಪಂಪಿನಲ್ಲಿತ್ತು. ಈ ಎಂಜಿನ್ನಿನಲ್ಲಿ ವಾಲ್ವುಗಳನ್ನು ಎತ್ತಿಳಿಸುವ ಕ್ಯಾಮ್‌ಶಾಫ್ಟು ಆಯಿಲ್ ಪಂಪನ್ನು ತಿರುಗಿಸುತ್ತದೆ, ಪಂಪಿನ ಶಾಫ್ಟಿನ ತುದಿಯ ಸೀಳು ಡಿಸ್ಟ್ರಿಬ್ಯೂಟರನ್ನು ತಿರುಗಿಸುತ್ತದೆ. ಮೊದಲ ಸಿಲಿಂಡರನ್ನು ಕಂಪ್ರೆಶನ್ನಿನ ಮೇಲ್ತುದಿಗೆ ತಂದು, ಆ ಸೀಳು ಸರಿಯಾದ ಓರೆಗೆ ನಿಲ್ಲುವಂತೆ ಪಂಪ್ ಕೂರಿಸಬೇಕು. ನಾನು ಹಾಗೇ ಕೂರಿಸಿದ್ದೆ, ಆದರೆ ಬೋಲ್ಟ್ ಬಿಗಿಯುವಾಗ ಗೇರು ಒಂದು ಹಲ್ಲು ಜಾರಿದ್ದನ್ನು ತಿರುಗಿ ನೋಡಿರಲಿಲ್ಲ. ಪಂಪ್ ಬ್ಲಾಕಿನ ಹೊರಗೇ ಇರುವುದರಿಂದ ಬಿಚ್ಚಿ ಹಾಕಲು ಹೆಚ್ಚು ಹೊತ್ತು ಬೇಡ. ಬಿಚ್ಚಿದ ಮೇಲೆ ಪಂಪಿನೊಳಗೆ ಎಣ್ಣೆ ತುಂಬಿ ಕೂರಿಸಬೇಕು, ಇಲ್ಲವಾದರೆ ಅದು ತಳದ ಎಣ್ಣೆ ಎಳೆಯುವ ಹೊತ್ತಿಗೆ ಬೇರಿಂಗ್ ಒಣಗಿ ತಿರುಗುತ್ತಿರುತ್ತವೆ. ಸರಿ ಮಾಡಿದ ಮೇಲೆ ಎರಡನೇ ಸುತ್ತಿಗೇ ಎಂಜಿನ್ ಹಿಡಿಯಿತು. ಅಜ್ಜಿ ಹೇಳಿದ್ದು ನಿಜ, ಅದರ ಸದ್ದು ಮೆತ್ತಗಿದೆ.

ಚಾಸಿ ಮತ್ತು ಮೈ

ಹರಿಯಾಣದ ಮಂಡಿ ಡಬ್ವಾಲಿಯಿಂದ ಹೊಸ ಬಾಡಿ ತರಿಸಿ ಎಂದು ಹಲವರು ಹೇಳಿದರು. ಅಲ್ಲಿನವರ ತಗಡಿನ ಕೆಲಸ ನೋಡಿದ್ದೇನೆ, ಕೈಚಳಕವುಳ್ಳವರು. ಆದರೆ ಇಡೀ ಮೈ ಬದಲಾಯಿಸಿದರೆ ಆ 'ಎಂ' ಇರುವ ಬಾನೆಟ್ ಒಂದೇ ಹಳೆಯದಾಗಿ ಉಳಿಯುತ್ತದೆ. ನಾವು ಹಳೆಯ ಮೈಯ ಮೇಲ್ಭಾಗ, ಎರಡೂ ಬದಿ, ಹಿಂಬದಿ ಉಳಿಸಿಕೊಂಡು ನೆಲ ಮಾತ್ರ ಹೊಸದಾಗಿ ಮಾಡಿಸಿದೆವು.

ನೆಲ ಏಕೆ ಹೀಗೆ ಹಾಳಾಗುತ್ತದೆ ಎಂಬುದಕ್ಕೆ ಕಾರಣವಿದೆ. ನೆಲದ ತಗಡಿನ ಅಡಿಯಲ್ಲಿ ಟೋಪಿಯಾಕಾರದ ಉಕ್ಕಿನ ಚಾನೆಲ್‌ಗಳಿವೆ, ಅವುಗಳ ಹೊಟ್ಟೆಯಲ್ಲಿ ಮರದ ಪಟ್ಟಿ ತುರುಕಿದ್ದಾರೆ. ನೆಂದ ಮರ ವರ್ಷಗಟ್ಟಲೆ ಒಣಗುವುದಿಲ್ಲ, ತುಕ್ಕು ಒಳಗಿನಿಂದಲೇ ತಿನ್ನುತ್ತಾ ಬರುತ್ತದೆ. ನಮ್ಮ ಟಿಂಕರಿಂಗ್ ಚಾಚಾ ಚಾನೆಲ್ ಬಿಚ್ಚಿದಾಗ ಹೊರಬಂದದ್ದು ಕಾಫಿಪುಡಿಯಂಥ ಹುಡಿ. ಮರ ಬಿಟ್ಟುಬಿಡೋಣ ಎಂದು ಚಾಚಾ, ಇರಲಿ ಎಂದು ನಾನು. ಕೊನೆಗೆ ಎಣ್ಣೆಯಲ್ಲಿ ನೆನೆಸಿದ ಸಾಗವಾನಿ ಪಟ್ಟಿ ಹಾಕಿ, ಚಾನೆಲ್ಲಿನ ತಳಕ್ಕೆ ನೀರು ಇಳಿಯುವ ಸಣ್ಣ ರಂಧ್ರ ಕೊಟ್ಟೆವು. ರಂಧ್ರ ಮೂಲದಲ್ಲಿಲ್ಲ. ಆದರೂ ಬೇಕು.

ಚಾಸಿಯಲ್ಲಿ ಡೀಸೆಲ್ ಎಂಜಿನ್ನಿನ ಭಾರಕ್ಕೆ ಬಿಟ್ಟ ಎರಡು ಸೀಳುಗಳಿದ್ದವು. ಅಡ್ಡಪಟ್ಟಿಗಳು ಮೂಲತಃ ರಿವೆಟ್ಟಿನವು, ಸಡಿಲಾದಲ್ಲಿ ಕಾಸಿದ ರಿವೆಟ್ಟನ್ನೇ ಬಡಿಸಿದೆವು. ಕತ್ತರಿಸಿದ್ದ ಮೌಂಟಿಂಗನ್ನು ಇನ್ನೊಂದು ಜಿಪಿಡಬ್ಲ್ಯೂವಿನ ಅಳತೆ ಹಿಡಿದು ಮಾಡಿಸಿದ್ದು.

ಡ್ಯಾಶಿನ ಪೆಟ್ಟಿಗೆಯ ಬಾಗಿಲ ಮೇಲೆ ಇರಬೇಕಿದ್ದ ಲೋಹದ ಫಲಕಗಳು ಇರಲಿಲ್ಲ, ರಿವೆಟ್ಟಿನ ತೂತುಗಳಷ್ಟೇ ಇದ್ದವು. ಗಾಡಿ ಸೈನ್ಯಕ್ಕೆ ಒಪ್ಪಿಸಿದ ದಿನಾಂಕ ಕೆತ್ತುತ್ತಿದ್ದದ್ದು ಅಲ್ಲಿ. ನಕಲು ಫಲಕ ದುಡ್ಡಿಗೆ ಸಿಗುತ್ತವೆ, ಬೇಕಾದ ದಿನಾಂಕ ಕೆತ್ತಿಕೊಡುತ್ತಾರೆ. ಗೊತ್ತಿಲ್ಲದ ದಿನಾಂಕವನ್ನು ಕೆತ್ತಿಸುವುದು ಸುಳ್ಳು ಸಾಕ್ಷಿ. ತೂತುಗಳನ್ನು ಹಾಗೇ ಬಿಟ್ಟಿದ್ದೇವೆ.

ವಿದ್ಯುತ್ತು, ಚಕ್ರ, ಪೆಟ್ರೋಲು

ಮೂಲದಲ್ಲಿ 6 ವೋಲ್ಟ್. 12ಕ್ಕೆ ಬದಲಾಯಿಸುವವರೇ ಹೆಚ್ಚು, ಏಕೆಂದರೆ 6 ವೋಲ್ಟಿನಲ್ಲಿ ಸೆಲ್ಫ್ ನಿಧಾನ ಎಂಬ ದೂರು. ನಿಧಾನವಾಗುವುದು ಬಹುಮಟ್ಟಿಗೆ ತಂತಿಯಿಂದ. ಅಷ್ಟೇ ಶಕ್ತಿಗೆ 6 ವೋಲ್ಟಿನಲ್ಲಿ ಎರಡರಷ್ಟು ಕರೆಂಟು ಹರಿಯಬೇಕು, ಕಾರಿನ ಸಾಮಾನ್ಯ ಕೇಬಲ್ ಅದನ್ನು ತಾಳದು. ನಾವು ವೆಲ್ಡಿಂಗ್ ಮಿಷಿನ್ನಿನ ದಪ್ಪ ಕೇಬಲ್ ಹಾಕಿದೆವು, ಅರ್ಥಿಂಗ್ ಪಟ್ಟಿ ಕೂರುವಲ್ಲಿ ಬಣ್ಣ ಕೆರೆದು ಬರಿ ಲೋಹ ತೋರಿಸಿದೆವು. ಈಗ ಸೆಲ್ಫ್ ಚುರುಕಾಗಿದೆ.

ಚಕ್ರದ ವಿಷಯ ಪ್ರಾಣದ ವಿಷಯ. ಇದರ ಡಿಸ್ಕು ಎರಡು ಹೋಳಿನದು, ನಟ್ಟುಗಳಿಂದ ಜೋಡಿಸಿರುತ್ತಾರೆ. ಟ್ಯೂಬಿನಲ್ಲಿ ಗಾಳಿ ಇರುವಾಗ ಆ ನಟ್ಟು ಸಡಿಲಿಸಿದರೆ ಹೋಳು ಸಿಡಿದು ಮನುಷ್ಯನನ್ನು ಕೊಲ್ಲಬಹುದು. ಪಂಚರ್ ಅಂಗಡಿಯ ಹುಡುಗರಿಗೆ ಇದು ಗೊತ್ತಿರುವುದಿಲ್ಲ. ಮೊದಲು ವಾಲ್ವಿನ ಒಳತಿರುಳು ತೆಗೆದು ಗಾಳಿ ಪೂರ್ತಿ ಖಾಲಿ ಮಾಡಬೇಕು. ಇದನ್ನು ಮಾಲೀಕರಿಗೆ ಬರೆದು ಕೊಟ್ಟು, ಟೂಲ್ ಪೆಟ್ಟಿಗೆಯ ಒಳಬದಿಗೂ ಅಂಟಿಸಿದ್ದೇವೆ. ಎಡಬದಿಯ ಚಕ್ರಗಳ ನಟ್ಟಿಗೆ ಎಡಮರೆ, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಎಂಬುದನ್ನೂ ಬರೆದಿದ್ದೇವೆ. ಅದು ಗೊತ್ತಿಲ್ಲದೆ ಪಾನಾಕ್ಕೆ ಪೈಪು ಸಿಕ್ಕಿಸಿ ಬೋಲ್ಟ್ ಮುರಿದವರು ಬಹಳ.

ಈ ಎಂಜಿನ್ನಿನ ಕಂಪ್ರೆಶನ್ 6.48ಕ್ಕೆ 1 ಮಾತ್ರ, ಇಂದಿನ ಪೆಟ್ರೋಲಿನಲ್ಲಿ ಎಂಜಿನ್ ಬಡಿತದ (ನಾಕಿಂಗ್) ಭಯವಿಲ್ಲ. ತೊಂದರೆ ಎಥೆನಾಲ್‌ನದು. ಶೇ 20 ಎಥೆನಾಲ್ ಇರುವ ಪೆಟ್ರೋಲ್ ಹಳೆಯ ರಬ್ಬರನ್ನು ಊದಿಸುತ್ತದೆ, ನಿಂತ ಗಾಡಿಯ ಟ್ಯಾಂಕಿನಲ್ಲಿ ತೇವ ಎಳೆದುಕೊಳ್ಳುತ್ತದೆ. ಫ್ಯುಯೆಲ್ ಪಂಪಿನ ಡಯಾಫ್ರಮ್, ಪೈಪುಗಳು ಎಲ್ಲವನ್ನೂ ಅದನ್ನು ತಡೆಯುವ ಜಾತಿಯವನ್ನೇ ಹಾಕಿದೆವು. ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಲು ಹೇಳಿದ್ದೇನೆ. ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಅಡಿಯಲ್ಲೇ, ಸೋರಿಕೆಯನ್ನು ಹಗುರವಾಗಿ ಕಾಣುವಂತಿಲ್ಲ.

ಬ್ರೇಕು ಪೂರ್ತಿ ಹೊಸದು. ಸೀಟು, ಮೇಲಿನ ಹೊದಿಕೆ ಎರಡನ್ನೂ ಇಲ್ಲಿಯೇ, ತಾಡಪಾಲು ಹೊಲಿಯುವ ಒಬ್ಬರು ಹತ್ತಿಯ ಕ್ಯಾನ್ವಾಸಿನಲ್ಲಿ ಹೊಲಿದುಕೊಟ್ಟರು. ಮಿಲ್ಲುಗಳ ಊರಲ್ಲವೇ, ಬಟ್ಟೆಯ ದಪ್ಪವನ್ನು ಬೆರಳಲ್ಲಿ ಹಿಡಿದೇ ಹೇಳುತ್ತಾರೆ.

ಕಾಗದ

ವಿಂಟೇಜ್ ವಾಹನಗಳಿಗೆ 2021ರ ಜುಲೈನಲ್ಲಿ ಕೇಂದ್ರದ ನಿಯಮ ಬಂತು. ಐವತ್ತು ವರ್ಷ ಮೀರಿದ, ಮೂಲ ರೂಪದಲ್ಲೇ ಇರುವ, ಚಾಸಿ, ಮೈ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಟು ಆಗದ ಗಾಡಿಗೆ ಅದು ಅನ್ವಯ. ಮೊದಲೇ ನೋಂದಣಿಯಾದ ಗಾಡಿ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು, ಹೊಸದಾಗಿ ನೋಂದಾಯಿಸಿದರೆ 'ವಿಎ' ಸರಣಿ. ಡೀಸೆಲ್ ಎಂಜಿನ್ನಿನಲ್ಲಿ ಈ ಗಾಡಿ ಆ ನಿಯಮದೊಳಗೆ ಬರುತ್ತಿರಲಿಲ್ಲ. ಬಿರುಕು ಬಿಟ್ಟ ಬ್ಲಾಕಿಗೆ ಅಷ್ಟು ಹೆಣಗಿದ್ದಕ್ಕೆ ಇದೂ ಒಂದು ಕಾರಣ. ಎಡ ಸ್ಟೀರಿಂಗಿನ ಗಾಡಿಗೆ ಮೋಟಾರು ವಾಹನ ಕಾಯ್ದೆಯ 120ನೇ ಕಲಮಿನಂತೆ ಕೆಲಸ ಮಾಡುವ ಸಿಗ್ನಲ್ ಸಾಧನ ಇರಲೇಬೇಕು, ಹಾಗಾಗಿ ಇಂಡಿಕೇಟರ್ ಹಾಕಿದ್ದೇವೆ. ವಿಂಟೇಜ್ ನೋಂದಣಿ ಪಡೆದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಪೆಟ್ರೋಲ್ ತುಂಬಿಸುವುದು, ದುರಸ್ತಿ, ಇಷ್ಟಕ್ಕೇ. ಅರ್ಜಿ ಹಾಕುವ ಮೊದಲೇ ಇದನ್ನು ಮಾಲೀಕರಿಗೆ ಬಿಡಿಸಿ ಹೇಳಿದ್ದೆ.

ಈಗ

2024ರ ಮಾರ್ಚಿನಲ್ಲಿ ಗಾಡಿ ಲಾರಿಯ ಮೇಲೇ ಊರಿಗೆ ಹೋಯಿತು. ಬಣ್ಣ ಹೊಳಪಿಲ್ಲದ ಕಂದುಹಸಿರು, ಬಾನೆಟ್ಟಿನ ಬದಿಯಲ್ಲಿ ಒಂದು ಅಂಗೈ ಅಗಲ ಮಾತ್ರ ಹೊಸ ಬಣ್ಣವಿಲ್ಲ. ಅಲ್ಲಿ ಹಳೆಯ 'ಎಂ' ಮತ್ತು ನಾಲ್ಕು ಅಂಕಿ ಹಾಗೇ ಇವೆ. ತೋಟದ ದಾರಿಯಲ್ಲಿ ಮೊದಲ ಸುತ್ತಿಗೆ ಅಜ್ಜಿಯನ್ನು ಬಲಬದಿಯ ಸೀಟಿನಲ್ಲಿ ಕೂರಿಸಿದರು. ಇಳಿದ ಮೇಲೆ ಅವರು ಕೇಳಿದ್ದು ಒಂದೇ: "ಬಾವಿತಾವ ಬಿದ್ದಿತ್ತಲ್ಲ, ಅದೇನಾ ಇದು?"

ಗಾಡಿಯ ಜೊತೆ ಒಂದು ಕಡತ ಕೊಟ್ಟಿದ್ದೇವೆ. ಮೂಲದ್ದಲ್ಲದ ಪ್ರತಿಯೊಂದೂ ಅದರಲ್ಲಿದೆ: ಹೊಸ ನೆಲ, ಹೆಡ್, ಕಾರ್ಬೊರೇಟರ್, ಎಂಜಿನ್ ಮೌಂಟಿಂಗ್, ನೀರಿಳಿಯುವ ರಂಧ್ರ, ಇಂಡಿಕೇಟರ್. ದೊಡ್ಡ ಕೊರತೆ ಗೇರ್ ಬಾಕ್ಸಿನದು. ಇರಬೇಕಾದದ್ದು ಟಿ-84 ಎಂಬ ಮಾದರಿ, ಈಗಿರುವುದು ಯುದ್ಧದ ನಂತರದ ಜೀಪುಗಳ ಟಿ-90. ಟಿ-90 ಹೆಚ್ಚು ಗಟ್ಟಿ, ಹಾಗಾಗಿ ಓಡಿಸಲು ಅಡ್ಡಿಯಿಲ್ಲ. ಹಲ್ಲು ಸವೆಯದ ಟಿ-84 ಒಂದು ಸಿಕ್ಕ ದಿನ ಗಾಡಿ ಮತ್ತೆ ನಮ್ಮಲ್ಲಿಗೆ ಬರಬೇಕು ಎಂದು ಮಾತಾಗಿದೆ.